ನಮ್ಮ ಏಕಾದಶಿ ನಾಳೆ

ಓಟ ಇನ್ನೂ ಶುರುವಾಗಿರಲಿಲ್ಲ, ಆಗಲೇ ಅಂಗಿ ಬೆನ್ನಿಗೆ ಅಂಟಿತ್ತು. ಡಿಸೆಂಬರಿನ ನಸುಕಿನಲ್ಲಿ ಹೀಗೆ ಬೆವರುವುದು ತನ್ನ ಮೈಯ ತಪ್ಪೋ ಪಣಜಿಯ ತಪ್ಪೋ ದಿನಕರನಿಗೆ ತಿಳಿಯಲಿಲ್ಲ. ಕಾಂಪಾಲದ ಮೈದಾನದ ತುಂಬ ಜನ ಎದೆಗೆ ನಂಬರು ಚುಚ್ಚಿಕೊಂಡು, ಕಾಲು ಝಾಡಿಸುತ್ತ, ಒಬ್ಬರ ಫೋಟೋ ಒಬ್ಬರು ತೆಗೆಯುತ್ತ ನಿಂತಿದ್ದರು. ಮಾಂಡವಿ ನದಿಯ ಕಡೆಯಿಂದ ಗಾಳಿ ಎನ್ನುವುದೇ ಇರಲಿಲ್ಲ. ಮೈಕು ಹಿಡಿದ ಹುಡುಗಿ ಕೊಂಕಣಿ, ಹಿಂದಿ, ಇಂಗ್ಲಿಷು ಎಲ್ಲದರಲ್ಲೂ ಒಂದೇ ಮಾತು ಹೇಳುತ್ತಿದ್ದಳು: ಇವತ್ತು ಎಂದೂ ಇಲ್ಲದ ಸೆಕೆ ಇದೆ, ನೀರಿನ ಟೇಬಲ್ಲು ಕಂಡಲ್ಲೆಲ್ಲ ನೀರು ಕುಡಿಯಿರಿ, ಬಾಯಾರಿಕೆ ಆಗುವ ತನಕ ಕಾಯಬೇಡಿ. ದಿನಕರನಿಗೆ ಬಾಯಾರಿಕೆ ಹಾಸಿಗೆಯಿಂದ ಏಳುವಾಗಲೇ ಆಗಿತ್ತು. ಉಗುಳು ನುಂಗಿದ. ನುಂಗಿದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡ. ಇದೇ ಪ್ರಶ್ನೆಯನ್ನು ಧಾರವಾಡದ ಅಡಿಗೆಮನೆಯಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲಿ ಕೇಳಿದ್ದ. 'ಉಗುಳು ನುಂಗಿದರ ಏಕಾದಶಿ ಮುರೀತದೇನವ್ವಾ?' ಬತ್ತಿ ಹೊಸೆಯುತ್ತಿದ್ದ ಅವ್ವ ತಲೆ ಎತ್ತದೆ, 'ನಿನ್ನ ಉಗುಳು ನೀ ನುಂಗಲಿಕ್ಕೆ ದೇವರ ಪರವಾನಗಿ ಯಾಕೋ, ಹುಚ್ಚಪ್ಪಾ?' ಅಂದಿದ್ದಳು. ಅವನಿಗೆ ನಗು ಬಂತು. ಪಕ್ಕದಲ್ಲಿ ನಿಂತವನು ತನ್ನನ್ನು ನೋಡಿಯೇ ನಕ್ಕನೆಂದು ತಿಳಿದು ಹೆಬ್ಬೆರಳು ಎತ್ತಿ ತೋರಿಸಿದ.

ತಪ್ಪಾದದ್ದು ಕ್ಯಾಲೆಂಡರಿನಿಂದ. ಕ್ಯಾಲೆಂಡರಿನದಾದರೂ ಏನು ತಪ್ಪು? ಮ್ಹಾಪಸಾದ ಕಿರಾಣಿ ಅಂಗಡಿಯವನು ಪುಕ್ಕಟೆ ಕೊಟ್ಟ ಮರಾಠಿ ಕ್ಯಾಲೆಂಡರು ಅದು. ಶನಿವಾರದ ಚೌಕದಲ್ಲಿ ದಪ್ಪಕ್ಷರದಲ್ಲಿ ಏಕಾದಶಿ ಎಂದಿತ್ತು. ರವಿವಾರದ ಚೌಕದ ಮೂಲೆಯಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ಭಾಗವತ ಏಕಾದಶಿ ಎಂದೂ ಇತ್ತು. ಅದು ಕಣ್ಣಿಗೆ ಬಿದ್ದಿತ್ತು, ಬೇರೆ ಯಾರದೋ ಇರಬೇಕು ಎಂದು ಬಿಟ್ಟಿದ್ದ. ಕೆಲವು ತಿಂಗಳು ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಮರುದಿನ ಏಕಾದಶಿ ಬರುತ್ತದೆ ಎಂಬುದನ್ನು ಮರೆತ ಮಾಧ್ವರ ಮನೆಯ ಮಗ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಶನಿವಾರ ಇಡೀ ದಿನ ಹನಿ ನೀರು ಮುಟ್ಟದೆ ಕೂತಿದ್ದ. ಓಟಕ್ಕೆ ಒಂದು ದಿನ ಮೊದಲೇ ಮುಗಿಯಿತಲ್ಲ, ನಸುಕಿನಲ್ಲೆದ್ದು ಪಾರಣೆ ಮಾಡಿ ಓಡಿದರಾಯಿತು ಎಂದು ತನ್ನ ಅದೃಷ್ಟಕ್ಕೆ ತಾನೇ ಬೆನ್ನು ತಟ್ಟಿಕೊಂಡಿದ್ದ. ದೀಪ ಹಚ್ಚುವ ಹೊತ್ತಿಗೆ ಬೆಳಗಾವಿಯಿಂದ ತಂಗಿ ಪ್ರಾಚಿ ಫೋನು ಮಾಡಿದಳು. 'ಅಣ್ಣಾ, ದನಿ ಯಾಕ ಹಿಂಗಾಗೇದ?' 'ಏಕಾದಶಿ ಅಲ್ಲೇನ.' 'ಅಯ್ಯ, ಇವತ್ತ ಸ್ಮಾರ್ತರದೋ! ನಮ್ಮ ಏಕಾದಶಿ ನಾಳೆ. ಮಠದ ಪಂಚಾಂಗ ನೋಡೂದಿಲ್ಲೇನು ನೀ? ಅವ್ವ ನೆಟ್ಟಗ ಇದ್ದಿದ್ರ ನಿನ್ನ ಹಿಡದು ಬೈತಿದ್ದಳು.' ಅವಳೇ ಮಾತು ಬದಲಿಸಿದಳು. 'ಈಗೊಂದು ಊಟ ಮಾಡಿಬಿಡು. ದಶಮಿ ಅದ, ನಡೀತದ' ಎಂದು ಅವಳು ಫೋನಿಟ್ಟಳು. ಓಟದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ, ಇವನು ಹೇಳಲೂ ಇಲ್ಲ. ನಿಂತಲ್ಲೇ ಮೊಸರನ್ನ ಕಲಸಿ ತಿಂದು, ಹೊಟ್ಟೆ ಗುಳುಗುಳು ಅನ್ನುವವರೆಗೆ ನೀರು ಕುಡಿದ. ತಪ್ಪು ದಿನ ಉಪವಾಸ ಮಾಡಿದ್ದಕ್ಕೆ ನಗಬೇಕೆನಿಸಿತು, ಆದರೆ ಆ ಅಡಿಗೆಮನೆಯಲ್ಲಿ ಜೊತೆಗೂಡಿ ನಗುವವರು ಯಾರೂ ಇರಲಿಲ್ಲ.

ಹೇಳಿದ ಹೊತ್ತು ಮೀರಿ, ಬಿಸಿಲೇರಿದ ಮೇಲೆ ಪಿಸ್ತೂಲು ಹಾರಿತು. ಜನ ಹೊರಟರು, ಅವನೂ ಹೊರಟ. ಇಪ್ಪತ್ತೊಂದು ಕಿಲೋಮೀಟರಿನ ಅರ್ಧ ಮ್ಯಾರಥಾನು. ಮೀರಾಮಾರದ ಮೇಲಿಂದ ದೋನಾ ಪಾವ್ಲಾಕ್ಕೆ ಹೋಗಿ, ತಿರುಗಿ ಬಂದು, ಊರು ಸುತ್ತಿ ಮತ್ತೆ ಕಾಂಪಾಲಕ್ಕೆ. ಇದಕ್ಕಾಗಿ ವರ್ಷವಿಡೀ ಬೆಳಿಗ್ಗೆ ಓಡಿದ್ದ. ವೆರ್ಣಾದ ಔಷಧ ಕಂಪನಿಯ ಬಸ್ಸು ಬರುವ ಮುಂಚಿನ ಆ ಹೊತ್ತು, ಅವ್ವನನ್ನು ನೋಡಿಕೊಳ್ಳಲು ಪರ್ವೀನ ಬಂದು ಚಪ್ಪಲಿ ಬಿಡುವುದಕ್ಕೂ ಇವನು ಸ್ನಾನಕ್ಕೆ ಹೋಗುವುದಕ್ಕೂ ನಡುವಿನ ಆ ಹೊತ್ತು, ಅಷ್ಟೇ ಅವನದು. ಆಫೀಸಿನಲ್ಲಿ ಗೊತ್ತಾಗಿ ಎಲ್ಲರೂ ಬೆನ್ನು ತಟ್ಟಿದ್ದರು. ಕಂಪನಿಯ ಹೆಸರಿನ ಟೀ ಶರ್ಟು ಬಂದಿತ್ತು, ಅದು ಹೊಟ್ಟೆಯ ಹತ್ತಿರ ಬಿಗಿ. ಈಗ ಏಕಾದಶಿ ಇದೆ, ಬರುವುದಿಲ್ಲ ಎಂದರೆ ಏನಂದುಕೊಂಡಾರು? ನಿನ್ನೆ ರಾತ್ರಿ ಮಲಗುವ ಮುಂಚೆ ಎರಡೂ ಕಡೆ ತೂಗಿ ನೋಡಿದ್ದ. ಓಟ ಬಿಡಬಹುದು. ಇಲ್ಲವೆ ಉಪವಾಸ ಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಈ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಅವನನ್ನು ತಡೆಯಿತು. ಬೈಯುವವರು ಇದ್ದಿದ್ದರೆ ಬಹುಶಃ ಕುಡಿದೇ ಬಿಡುತ್ತಿದ್ದ. ಕಾಲೇಜಿನ ದಿನಗಳಲ್ಲಿ ಏಕಾದಶಿಯಂದೇ ಸ್ಟೇಶನ್ ರೋಡಿನ ಹೋಟೆಲಿನಲ್ಲಿ ಆಮ್ಲೆಟ್ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಮನೆಗೆ ಬಂದವನು ಅವನು. ಅವ್ವ ಮೂಗು ಅರಳಿಸಿ, ಒಳಗೆ ಹೋಗಿ ತನ್ನ ಜಪಕ್ಕೆ ಕೂತಿದ್ದಳು.

ಮೊದಲ ನೀರಿನ ಟೇಬಲ್ಲು ಬಂತು. ಹುಡುಗಿಯರು ಕಾಗದದ ಕಪ್ಪು ಚಾಚಿ ಹಿಡಿದಿದ್ದರು. ಬೇಡವೆಂದು ಕೈಯಾಡಿಸಿದರೆ ಎಲ್ಲರೂ ನೋಡುತ್ತಾರೆ ಅನಿಸಿ ಒಂದು ಕಪ್ಪು ತೆಗೆದುಕೊಂಡ, ಬಾಯಿಯ ತನಕ ಒಯ್ದ. ಸ್ವಲ್ಪ ದೂರ ಹೋದ ಮೇಲೆ ಕೈ ಕೆಳಗಿಳಿಸಿ ಮೆಲ್ಲಗೆ ಚೆಲ್ಲಿದ. ನೀರು ಬೂಟಿನ ಮೇಲೆ ಬಿತ್ತು. ಕಳ್ಳತನ ಮಾಡಿದಂತೆ ಮುಖ ಬಿಸಿಯಾಯಿತು. ಹಿಂದಿನಿಂದ ಸುಧೀರ ಬಂದು ಜೊತೆಗೂಡಿದ. ಕಾರವಾರದವನು, ಅದೇ ವಿಭಾಗದಲ್ಲಿ ಇವನ ಕೈಕೆಳಗೆ ಕೆಲಸ ಮಾಡುವವನು, ವಯಸ್ಸಿನಲ್ಲಿ ತೀರ ಸಣ್ಣವನು. 'ಸರ್, ಚೆಲ್ಲಿಬಿಟ್ರಲ್ಲ! ಇವತ್ತು ಕುಡೀಲೇಬೇಕು ಸರ್, ಎಂಥಾ ಬಿಸಿಲು ನೋಡಿ.' 'ಓಡೋವಾಗ ಕುಡದರ ನನಗ ಹೊಟ್ಟಿ ಹಿಡಿಕೋತದ' ಎಂದ ದಿನಕರ. 'ಹಾಗಾದ್ರೆ ಬಾಯಿಗಾದ್ರೂ ಹಾಕಿ ಉಗುಳಿ.' 'ಹೂಂ ಹೂಂ, ನೀ ಮುಂದ ನಡಿ.' ಸುಧೀರ ಮುಂದೆ ಹೋದ. ಅವನ ಬೆನ್ನು ಹಗುರಾಗಿ, ಯಾರ ಹಂಗೂ ಇಲ್ಲದಂತೆ ದೂರವಾಗುತ್ತಿತ್ತು. ಏಕಾದಶಿ ಎಂಬ ಒಂದು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ್ದರೆ ಅವನು ಕೇಳುತ್ತಿದ್ದ, ಸರ್ ನೀವು ಅದನ್ನೆಲ್ಲ ನಂಬುತ್ತೀರಾ ಎಂದು.

ನಂಬುತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚುವುದೂ ಅವ್ವನ ಮಂಪರು ಕಣ್ಣಿಗೆ ಕಾಣಲಿ ಎಂದೇ. ಅವ್ವ, ಸರಸ್ವತಿಬಾಯಿ, ಮದುವೆಯಾಗಿ ಬಂದಂದಿನಿಂದ ಒಂದು ಏಕಾದಶಿಯನ್ನೂ ತಪ್ಪಿಸಿದವಳಲ್ಲ. ಜ್ವರ ಬರಲಿ, ಮನೆಗೆ ಬಂಧು ಬಳಗ ಬರಲಿ, ಗಂಡ ಆಸ್ಪತ್ರೆಯಲ್ಲಿರಲಿ, ಅವಳ ನಾಲಗೆಗೆ ಆ ದಿನ ನೀರು ಸೋಕುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಪಣಜಿಯ ಪಕ್ಕದ ತಾಳಗಾಂವದ ತನ್ನ ಫ್ಲ್ಯಾಟಿಗೆ ಕರೆತಂದ. ಮದುವೆ ಎಂಬುದು ಅವನ ಹಣೆಯಲ್ಲಿ ಬರೆದಿರಲಿಲ್ಲ, ಅಥವಾ ಬರೆದದ್ದನ್ನು ಓದುವಷ್ಟು ತಾಳ್ಮೆ ಅವನಿಗಿರಲಿಲ್ಲ. ಇಬ್ಬರೇ ಇದ್ದರು, ಚಲೋ ಇದ್ದರು. ಆಮೇಲೆ ಅವ್ವ ಮೊದಲು ಗ್ಯಾಸು ಆರಿಸುವುದನ್ನು ಮರೆತಳು, ಬಳಿಕ ಓಣಿಯವರ ಹೆಸರು, ಊರು, ಅಪ್ಪ ಸತ್ತದ್ದು. ಒಂದು ಏಕಾದಶಿಯ ದಿನ ಬೆಳಿಗ್ಗೆ 'ಹಸಿವಿ ಆಗೇದ, ಏನರ ಕೊಡ್ರೆಲಾ' ಎಂದು ಕೂತಲ್ಲಿಂದಲೇ ಕೂಗಿದಳು. ಗುಳಿಗೆಗೂ ಹೊಟ್ಟೆಯಲ್ಲಿ ಏನಾದರೂ ಬೀಳಬೇಕಿತ್ತು. ಅವನೇ ಅವಲಕ್ಕಿ ಕಲಸಿ ಕೊಟ್ಟ. ಅವಳು ಮಗುವಿನ ಹಾಗೆ ಕೈ ನೆಕ್ಕಿ ನೆಕ್ಕಿ ತಿಂದಳು. ಅದನ್ನು ನೋಡುತ್ತ ಅವನಿಗೆ ಭಯವಾಯಿತು, ಬರೀ ಭಯ. ಎದುರಿಗೆ ಕೂತವಳು ಅವ್ವನ ಸೀರೆ ಉಟ್ಟ ಬೇರೆ ಯಾರೋ ಆಗಿದ್ದಳು. ಅವತ್ತು ಅವನು ಏನೂ ತಿನ್ನಲಿಲ್ಲ. ಮುಂದಿನ ಏಕಾದಶಿಗೆ ತಿಳಿದೇ ಉಪವಾಸ ಮಾಡಿದ, ನೀರೂ ಬಿಟ್ಟು. ಅಂದಿನಿಂದ ಬಿಟ್ಟಿಲ್ಲ. ಅವಳು ಮರೆತದ್ದನ್ನು ಮನೆಯಲ್ಲಿ ಒಬ್ಬರಾದರೂ ಹಿಡಿದಿರಬೇಕು, ಇಲ್ಲವಾದರೆ ಅವ್ವ ಪೂರಾ ಮುಗಿದುಹೋಗುತ್ತಾಳೆ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಇದನ್ನು ಯಾರಿಗೆ ಹೇಳುವುದು? ಡಾಕ್ಟರಿಗೆ ಹೇಳಿದರೆ ಅವನಿಗೂ ಒಂದು ಗುಳಿಗೆ ಬರೆದುಕೊಡುತ್ತಿದ್ದರು.

ಮೀರಾಮಾರ ದಾಟುವಾಗ ಸೂರ್ಯ ಮೇಲೆ ಬಂದಿದ್ದ. ಡಾಂಬರು ಕಾದು ಬೂಟಿನ ಅಟ್ಟೆಯ ಮೂಲಕ ಪಾದಕ್ಕೆ ತಾಗುತ್ತಿತ್ತು. ಸಮುದ್ರ ಪಕ್ಕದಲ್ಲೇ ಇತ್ತು, ಅಷ್ಟು ನೀರು, ಒಂದು ಹನಿಯೂ ಯಾರ ಉಪಯೋಗಕ್ಕೂ ಬಾರದ ನೀರು. ಒಬ್ಬ ತರುಣ ರಸ್ತೆಯ ಅಂಚಿನಲ್ಲಿ ವಾಂತಿ ಮಾಡುತ್ತಿದ್ದ. ಇಬ್ಬರು ಹೆಂಗಸರು ಓಟ ಬಿಟ್ಟು ತೆಂಗಿನ ನೆರಳಿನಲ್ಲಿ ಕೂತು ಬೂಟು ಬಿಚ್ಚಿದ್ದರು. ಅವರನ್ನು ನೋಡಿ ದಿನಕರನಿಗೆ ಹೊಟ್ಟೆಕಿಚ್ಚಾಯಿತು. ಎರಡನೆಯ ಟೇಬಲ್ಲಿನಲ್ಲಿ ಮತ್ತೆ ಕಪ್ಪು ತೆಗೆದುಕೊಂಡು ಸ್ವಲ್ಪ ಮುಂದೆ ಚೆಲ್ಲಿದ. ಅಲ್ಲಿ ಮನೆಯ ಮುಂದೆ ಗೌನು ತೊಟ್ಟ ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ಓಟ ನೋಡುತ್ತ ಕೂತಿದ್ದಳು. 'ಉದಕ ಕಿತ್ಯಾಕ ಉಡಯ್ತಾ ರೇ?' ಎಂದಳು, ನೀರು ಯಾಕೆ ಚೆಲ್ಲುತ್ತೀಯೋ ಎಂದು, ಓಣಿಗೆಲ್ಲ ಕೇಳುವ ಹಾಗೆ. ಅವಳ ಹತ್ತಿರ ನಿಂತವರು ನಕ್ಕರು. ಅವನು ತಲೆ ತಗ್ಗಿಸಿ ಓಡಿದ. ಬೆಳಿಗ್ಗೆ ಪರ್ವೀನ ಕೂಡ ಕೇಳಿದ್ದಳು. ಹುಬ್ಬಳ್ಳಿ ಕಡೆಯ ಹೆಂಗಸು, ಗಂಡ ವಾಸ್ಕೋ ಬಂದರಿನಲ್ಲಿ ಕೂಲಿ. ಓಟದ ದಿನವೆಂದು ಕತ್ತಲಿದ್ದಾಗಲೇ ಬಂದು, ಒಲೆಯ ಮೇಲೆ ಚಹಾದ ಪಾತ್ರೆ ಕಾಣದೆ, 'ರೋಜಾ ಇಟ್ಟು ಓಡಾಕ ಹೊಂಟೀರೇನ್ರಿ ಸರ್? ನೀರು ಸೈತ ಇಲ್ದ?' ಅಂದಳು. 'ನನಗ ರೂಢಿ ಅದ' ಎಂದಿದ್ದ. 'ಹಂಗಲ್ರಿ, ನಿಮಗೇನರ ಆದ್ರ ಅವ್ವಾರನ್ನ ಯಾರ ನೋಡ್ತಾರ್ರಿ?' ಎಂದಾಗ ಸಿಟ್ಟು ಬಂದು ಬಾಗಿಲು ಜೋರಾಗಿ ಎಳೆದುಕೊಂಡು ಬಂದಿದ್ದ. ಆ ಬಾಗಿಲಿನ ಸಪ್ಪಳಕ್ಕೆ ಅವ್ವ ಎದ್ದಿರಬಹುದು ಎಂದು ಈಗ ಪಶ್ಚಾತ್ತಾಪವಾಯಿತು.

ದೋನಾ ಪಾವ್ಲಾದಲ್ಲಿ ಹಿಂತಿರುಗುವಾಗ ಬೆವರು ನಿಂತುಹೋಗಿತ್ತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿತ್ತು. ತೋಳಿನ ಮೇಲೆ ಉಪ್ಪು ಬೆಳ್ಳಗೆ ಒಣಗಿತ್ತು, ನಾಲಗೆ ಅಂಗುಳಿಗೆ ಅಂಟಿ ಬಿಡಿಸಿದರೆ ಟಪ್ಪೆನ್ನುತ್ತಿತ್ತು. ಒಬ್ಬ ಸ್ವಯಂಸೇವಕ ಅವನ ಮುಖ ನೋಡಿ ಅಡ್ಡ ಬಂದು ನಿಲ್ಲಿಸಿದ. ಹಿಂದಿಯಲ್ಲಿ ಏನೇನೋ ಗದರಿಸಿ, ಉತ್ತರಕ್ಕೂ ಕಾಯದೆ ಒಂದು ಬಾಟಲಿ ನೀರನ್ನು ತಲೆಯ ಮೇಲೆ ಸುರಿದ. ತಣ್ಣಗಿನ ನೀರು ಹಣೆಯಿಂದ ಮೂಗಿಗೆ, ಮೂಗಿನಿಂದ ತುಟಿಗೆ ಇಳಿಯಿತು. ದಿನಕರ ಹಲ್ಲು ಕಚ್ಚಿ, ತುಟಿ ಬಿಗಿದು ನಿಂತ. ಒಳಗೆ ಇಡೀ ಬಾಯಿ ಆ ನೀರಿಗಾಗಿ ಬಡಕೊಳ್ಳುತ್ತಿತ್ತು. ಕೈಯಿಂದ ತುಟಿ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಒಂದು ಹನಿ ಒಳಗೆ ಹೋಯಿತೇ? ಹೋಗಿದ್ದರೆ? 'ಪಿಯೋ ನಾ ಅಂಕಲ್' ಎಂದು ಹುಡುಗ ಬಾಟಲಿಯ ತಳದ ನೀರು ಚಾಚಿದ. ಅವನು ಆ ಕೈಯನ್ನು ಬೇಕಾದ್ದಕ್ಕಿಂತ ಜೋರಾಗಿ ತಳ್ಳಿದ. ಬಾಟಲಿ ಉರುಳಿತು. ಹುಡುಗನ ಮುಖ ಸಣ್ಣದಾಯಿತು. ಕ್ಷಮಿಸು ಎನ್ನಬೇಕಿತ್ತು, ಬಾಟಲಿಯನ್ನು ದಾಟಿ ಮುಂದೆ ಹೋದ.

ಸ್ವಲ್ಪ ದೂರ ಓಡಿರಬೇಕು, ಅಥವಾ ನಡೆದಿರಬೇಕು. ಇದ್ದಕ್ಕಿದ್ದಂತೆ ರಸ್ತೆ ಯಾವುದೆಂದು ತಿಳಿಯದಾಯಿತು. ಎಡಕ್ಕೆ ಗಾಳಿಮರಗಳು, ಬಲಕ್ಕೆ ಮನೆಗಳು, ಮುಂದೆ ಬೆನ್ನುಗಳು. ದಿನಾ ಓಡುವ ರಸ್ತೆಯೇ. ಅದರ ಹೆಸರಿಗಾಗಿ ಒಳಗೆ ಕೈಹಾಕಿ ತಡಕಾಡಿದ, ಸಿಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ? ಇವರೆಲ್ಲ ಯಾಕೆ ಓಡುತ್ತಿದ್ದಾರೆ? ಕೇಳಿದರೆ ಹುಚ್ಚನೆಂದಾರು ಎಂದು ಹೆದರಿ, ಎಲ್ಲ ಗೊತ್ತಿದ್ದವನ ಹಾಗೆ ಮುಖ ಮಾಡಿ ಅವರ ಹಿಂದೆಯೇ ಹೆಜ್ಜೆ ಹಾಕಿದ. ಆ ಮುಖ ತನಗೆ ಪರಿಚಿತವೆನಿಸಿತು. ಮನೆಗೆ ಯಾರಾದರೂ ಬಂದಾಗ ಅವ್ವ ಮಾಡುವ ಮುಖ ಅದು: ಗುರುತು ಸಿಕ್ಕಿರುವುದಿಲ್ಲ, ಆದರೂ 'ಹೌದ್ರಿ, ಹೌದ್ರಿ, ಎಲ್ಲಾರೂ ಆರಾಮ?' ಎಂದು ನಗುತ್ತ ಸೆರಗು ತಿದ್ದಿಕೊಳ್ಳುತ್ತಾಳೆ. ಹಾಗಾದರೆ ಇಡೀ ದಿನ ಇಷ್ಟು ಹೆದರಿಕೊಂಡಿರುತ್ತಾಳೆಯೇ ಅವಳು? ಇಷ್ಟು ದಿನ ಅವಳ ಪಕ್ಕದಲ್ಲೇ ಕೂತು ಅನ್ನ ಕಲಸಿ ಕೊಟ್ಟರೂ ಇದೊಂದು ಅವನಿಗೆ ಹೊಳೆದಿರಲಿಲ್ಲ. ಕರಂಜಾಳೆ, ಎಂದು ಹೆಸರು ತಾನಾಗಿ ಬಂತು. ಕರಂಜಾಳೆ. ಅವನಿಗೆ ಅಳು ಬಂತು, ಕಣ್ಣಿನಲ್ಲಿ ನೀರು ಬರಲಿಲ್ಲ.

ತೋಳಿಗೆ ಕಟ್ಟಿಕೊಂಡ ಚೀಲದಲ್ಲಿ ಫೋನು ನಡುಗಿತು. ಪರ್ವೀನ. ಅವ್ವನಿಗೆ ಏನಾಯಿತೋ ಎಂದು ರಸ್ತೆಯ ಬದಿಗೆ ಸರಿದು ನಿಂತ. 'ಸರ್, ಗಾಬ್ರಿ ಆಗಬ್ಯಾಡ್ರಿ. ಅವ್ವಾರು ಚಲೋ ಅದಾರ, ಅವಲಕ್ಕಿ ತಿನ್ನಾಕತ್ತಾರ. ಆದ್ರ ಮುಂಜಾನಿಂದ ನನ್ನ ಮಗ ಎಲ್ಲಿ, ನನ್ನ ಮಗ ಯಾಕ ಬರಲಿಲ್ಲ ಅಂತ ಒಂದ ಸವನ ಕೇಳಾಕತ್ತಾರ್ರಿ. ಬಾಗಲಾ ನೋಡ್ಕೋತ ಕುಂತಾರ. ನಿಮಗ ಹೇಳೂದು ಚಲೋ ಅನಿಸ್ತು.' ದಿನಕರ ಗೋಡೆಗೆ ಕೈಯಾನಿಸಿದ. 'ಖರೇನ? ಮಗ ಅಂದಳೇನು?' 'ಹೌದ್ರಿ, ನನ್ನ ಮಗ ಅಂತ.' ಮಗ ಎಂಬ ಶಬ್ದ ಅವಳ ಬಾಯಿಂದ ಬಂದು ಎಷ್ಟೋ ತಿಂಗಳಾಗಿತ್ತು. ಒಮ್ಮೊಮ್ಮೆ ಅವನನ್ನು ತನ್ನ ಅಣ್ಣನೆಂದು ತಿಳಿಯುತ್ತಿದ್ದಳು, ಹೆಚ್ಚಾಗಿ ಏನೂ ಕರೆಯುತ್ತಿರಲಿಲ್ಲ. ಈಗ ಕೇಳುತ್ತಿದ್ದಾಳೆ, ಬಾಗಿಲು ನೋಡುತ್ತ ಕೂತಿದ್ದಾಳೆ. ಏಕಾದಶಿ ಹಿಡಿದದ್ದಕ್ಕೇ ಹೀಗಾಯಿತು ಎಂದು ಅವನ ಒಳಗಿನ ಯಾರೋ ಹೇಳಿದರು. ಆ ಮಾತನ್ನು ಅವನು ನಂಬಿದ, ಅಂದರೆ ನಂಬದೆ ಇರಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಓಟಗಾರರು ನೇರ ಹೋಗುತ್ತಿದ್ದರು. ತಾಳಗಾಂವದ ರಸ್ತೆ ಬಲಕ್ಕೆ ತಿರುಗುತ್ತಿತ್ತು. ಅಡ್ಡಗಟ್ಟಿದ ಹಗ್ಗವನ್ನು ಎತ್ತಿ, ಅಡಿಯಲ್ಲಿ ನುಸುಳಿದ. ಪೊಲೀಸಿನವನು ಏನೋ ಅಂದ. ಯಾರೂ ಹಿಂದೆ ಕರೆಯಲಿಲ್ಲ.

ಗದ್ದೆಗಳ ನಡುವಿನ ಆ ರಸ್ತೆಯಲ್ಲಿ ಅವನೊಬ್ಬನೇ ಓಡಿದ. ಬೆಳಗಿನಿಂದ ಇಷ್ಟು ಚೆನ್ನಾಗಿ ಓಡಿರಲಿಲ್ಲ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ: ಬಂದೆ ನೋಡವ್ವಾ, ಇಲ್ಲೇ ಇದ್ದೆ, ಎಲ್ಲಿಗೂ ಹೋಗಿರಲಿಲ್ಲ. ತಪ್ಪು ದಿನ ಉಪವಾಸ ಮಾಡಿದ ಕಥೆ ಹೇಳಬೇಕು. ಅವಳಿಗೆ ತಿಳಿದರೆ ನಕ್ಕಾಳು, ಸ್ಮಾರ್ತರ ಏಕಾದಶಿ ಮಾಡಿದೆಯೇನೋ ಮಂಗ್ಯಾ ಎಂದಾಳು. ಮೆಟ್ಟಿಲು ಹತ್ತುವಾಗ ಎರಡು ಸಲ ಕೂತ. ಬಾಗಿಲು ಬಡಿದ. ಪರ್ವೀನ ತೆರೆದು, ಅವನನ್ನು ನೋಡಿ ಬಾಯಿಗೆ ಕೈ ಹಿಡಿದಳು.

ಅವ್ವ ಕುರ್ಚಿಯಲ್ಲಿದ್ದಳು, ಬಾಗಿಲಿಗೆ ಮುಖ ಮಾಡಿ. ಪಕ್ಕದ ಸ್ಟೂಲಿನ ಮೇಲೆ ಅರ್ಧ ತಿಂದ ಅವಲಕ್ಕಿಯ ತಾಟು. ಅವನನ್ನು ಕಂಡೊಡನೆ ಲಗುಬಗೆಯಿಂದ ಎದ್ದು ನಿಂತಳು. ಎದ್ದು ಸೆರಗನ್ನು ಎರಡೂ ಹೆಗಲ ಮೇಲೆ ಎಳೆದುಕೊಂಡಳು.

'ಬರ್ರಿ, ಒಳಗ ಬರ್ರಿ' ಎಂದಳು. 'ಯಾರು ಬೇಕಾಗಿತ್ರಿ? ನನ್ನ ಮಗ ಇನ್ನೂ ಬಂದಿಲ್ಲ.'

'ಅವ್ವಾರ, ಇವ್ರ ನಿಮ್ಮ...' ಎಂದು ಪರ್ವೀನ ಶುರುಮಾಡಿದಳು. ದಿನಕರ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಗೋಡೆ ಹಿಡಿದು ನೆಲದ ಮೇಲೆ ಕೂತುಬಿಟ್ಟ.

'ಅಯ್ಯ, ಪಾಪ, ಬಿಸಿಲಾಗ ಎಲ್ಲಿಂದ ಬಂದಾರೋ ಏನೋ. ಮಾರಿ ಎಷ್ಟು ಕೆಂಪಾಗೇದ ನೋಡು.' ಅವ್ವ ಗೋಡೆ ತಡವುತ್ತ ತಾನೇ ಅಡಿಗೆಮನೆಗೆ ಹೋದಳು. ಪರ್ವೀನ ಹಿಂದೆ ಹೋದರೆ ಕೈಯಿಂದ ಸರಿಸಿದಳು. ಡಬ್ಬಿಗಳ ಸಪ್ಪಳವಾಯಿತು. ಬರುವಾಗ ಒಂದು ಕೈಯಲ್ಲಿ ನೀರಿನ ಲೋಟ, ದಾರಿಯುದ್ದಕ್ಕೂ ತುಳುಕುತ್ತಿತ್ತು. ಇನ್ನೊಂದು ಅಂಗೈಯಲ್ಲಿ ಬೆಲ್ಲದ ಚೂರು. ದೂರದಿಂದ ಬಂದವರಿಗೆ ಹಾಗೆ ಕೊಡಬೇಕೆಂಬುದು ಆ ಕೈಗಳಿಗೆ ಗೊತ್ತಿತ್ತು.

'ತಗೋರಿ, ಕುಡೀರಿ.'

ಅವನು ಲೋಟ ಹಿಡಿದುಕೊಂಡ. ಕುಡಿಯಲಿಲ್ಲ. ಅವ್ವ ಅವನ ಅನುಮಾನ ತನಗೆ ತಿಳಿಯಿತು ಎಂಬಂತೆ ನಕ್ಕಳು.

'ನನಗ ಇವತ್ತ ಏಕಾದಶಿ' ಎಂದಳು, ಆ ಅವಲಕ್ಕಿಯ ತಾಟಿನ ಪಕ್ಕದಲ್ಲೇ ನಿಂತು, ತುಟಿಯ ಅಂಚಿನಲ್ಲಿ ಅರಿಸಿನದ ಒಗ್ಗರಣೆ ಅಂಟಿಕೊಂಡಿದ್ದ ಬಾಯಿಂದ. 'ನಾ ನೀರು ಮುಟ್ಟೂದಿಲ್ಲ. ನೀವು ಕುಡೀರಿ. ನಿಮಗೇನದ?'

ಅವಳಿಗೆ ಯಾರೂ ಹೇಳಿರಲಿಲ್ಲ. ದಿನವೂ ಏಕಾದಶಿಯೆಂದೇ ತಿಳಿದಿದ್ದಳೋ, ಇವತ್ತು ಮಾತ್ರ ಹೊಳೆಯಿತೋ ಯಾರು ಬಲ್ಲರು. ಅವಳ ಏಕಾದಶಿ ಅವಳ ಹತ್ತಿರವೇ ಇತ್ತು, ಸುರಕ್ಷಿತವಾಗಿ. ಇವನು ಅದನ್ನು ಹಿಡಿದುಕೊಂಡಿರಬೇಕಾದ ಅಗತ್ಯ ಎಂದೂ ಇರಲಿಲ್ಲ. ಅವಳು ಕಳೆದುಕೊಂಡದ್ದು ಬೇರೆ. ದಿನಕರ ಲೋಟವನ್ನು ಬಾಯಿಗೆ ಹಚ್ಚಿ, ಗದ್ದದ ಮೇಲೆ ಸುರಿದುಕೊಳ್ಳುತ್ತ, ಎಲ್ಲವನ್ನೂ ಕುಡಿದ. ಅವ್ವ ಬೆಲ್ಲವನ್ನು ಅವನ ಅಂಗೈಯಲ್ಲಿಟ್ಟು, ಮುಟ್ಟಿದ್ದಕ್ಕೆ ನಾಚಿ ಕೈ ಹಿಂದೆ ತೆಗೆದುಕೊಂಡಳು.

'ಇನ್ನೇನು ಬರ್ತಾನ ನನ್ನ ಮಗ' ಎಂದಳು ಕುರ್ಚಿಗೆ ಮರಳುತ್ತ. 'ಭಾಳ ಚಲೋ ಹುಡುಗ. ಅಂವಾ ಬರೂತನಕ ಕೂಡ್ರಿ.'

'ಆಗಲ್ರಿ' ಎಂದ ದಿನಕರ. 'ಕೂಡ್ತೀನ್ರಿ.'